ರೋಗಿವೃತ್ತದಲ್ಲಿ ಪಾಠಕ್ರಮವೂ ಅರ್ಥಕ್ರಮವೂ

೧

ವೈದ್ಯಶಾಸ್ತ್ರದಲ್ಲಿ ರೋಗವು ಒಂದು ವಸ್ತುವೆಂಬಂತೆ ನಿರೂಪಿತವಾಗಿಲ್ಲ. ಒಂದು ವೃತ್ತಾಂತವೆಂಬಂತೆ ನಿರೂಪಿತವಾಗಿದೆ. ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದರಿಂದ ರೋಗವನ್ನು ಅರಿಯಬೇಕೆಂಬ ನಿಯಮವು ಪ್ರಸಿದ್ಧವಾದುದೇ ಆಗಿದೆ. ಕಾರಣವು ಮೊದಲು, ಮುನ್ಸೂಚನೆಯು ತರುವಾಯ, ಸ್ಫುಟವಾದ ಲಕ್ಷಣವು ಅದಾದಮೇಲೆ, ಎಂಬ ಆನುಪೂರ್ವಿಯನ್ನು ಬಿಟ್ಟರೆ ಈ ಪಂಚಕಕ್ಕೆ ಅರ್ಥವೇ ಉಳಿಯುವುದಿಲ್ಲ. ಜ್ವರ, ತಲೆನೋವು, ವಾಂತಿ ಎಂಬ ಮೂರೂ ಇಬ್ಬರು ರೋಗಿಗಳಲ್ಲಿ ಕಂಡುಬಂದರೂ, ಅವು ಬಂದ ಕ್ರಮವೂ ನಡುವಣ ಅಂತರವೂ ಬೇರೆಯಾದರೆ ರೋಗವೂ ಬೇರೆಯಾಗಬಹುದು. ಆದುದರಿಂದ ಕ್ರಮವನ್ನೂ ಅಂತರವನ್ನೂ ಕೇಳಲು ಎಡೆಯಿಲ್ಲದ ದಾಖಲೆಯು ಲಕ್ಷಣಗಳ ಪಟ್ಟಿಯೇ ಹೊರತು ರೋಗಿವೃತ್ತವಲ್ಲ.

ಈಗ ಆಸ್ಪತ್ರೆಗಳ ದಾಖಲೆಗಳು ಗಣಕಯಂತ್ರಗಳಲ್ಲಿ ಸಂಗ್ರಹವಾಗುತ್ತಿವೆ. ಒಬ್ಬ ರೋಗಿಗೆ ಸಂಬಂಧಿಸಿದ ನೂರಾರು ಘಟನೆಗಳು, ಒಂದೊಂದೂ ತನ್ನ ದಿನ ಮತ್ತು ಗಳಿಗೆಯೊಡನೆ, ಅಲ್ಲಿ ಬರೆದಿರುತ್ತವೆ. ಇವನ್ನು ಕಾಲರೇಖೆಯ ಮೇಲೆ ಚಿತ್ರವಾಗಿ ತೋರಿಸುವುದು, “ಇಂಥದಾದ ಮೇಲೆ ಇಷ್ಟು ದಿನಗಳೊಳಗೆ ಇಂಥದು ಯಾರಿಗೆ ಆಯಿತು?” ಎಂದು ಅವನ್ನು ಪ್ರಶ್ನಿಸುವುದು, ಎಂಬ ಎರಡು ವಿದ್ಯೆಗಳು ಕಳೆದ ಮೂವತ್ತು ವರ್ಷಗಳಲ್ಲಿ ಬೆಳೆದಿವೆ. ಇದು ಯಂತ್ರಜ್ಞರ ವಿಷಯವೆಂದು ಸಾಹಿತ್ಯವಿದ್ವಾಂಸರು ಉದಾಸೀನರಾಗುವುದು ಯುಕ್ತವಲ್ಲ. ದಾಖಲೆಯೂ ಒಂದು ಪಾಠವೇ. ಅದಕ್ಕೂ ಲಿಪಿಕಾರನುಂಟು, ಸ್ಖಾಲಿತ್ಯವುಂಟು, ಲೋಪವುಂಟು. ಆ ಪಾಠವನ್ನು ಸರಿಯಾಗಿ ಓದುವ ನ್ಯಾಯಗಳು ಯಾವುವೆಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

೨

ಮೊದಲು ಪ್ರಾಚೀನರ ಕ್ರಮವನ್ನು ನೋಡತಕ್ಕದ್ದು. ಸುಶ್ರುತಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ, ವ್ಯಕ್ತಿ, ಭೇದ ಎಂಬ ಆರು ಅವಸ್ಥೆಗಳು ಹೇಳಲ್ಪಟ್ಟಿವೆ. ಇವಕ್ಕೆ ಕ್ರಿಯಾಕಾಲಗಳೆಂದು ಹೆಸರು; ಎಂದರೆ ಚಿಕಿತ್ಸೆಗೆ ಒದಗುವ ಆರು ಅವಕಾಶಗಳು. ರೋಗವು ಕಣ್ಣಿಗೆ ಕಾಣುವುದು ಐದನೆಯದರಲ್ಲಿ. ಅದಕ್ಕೆ ಮುಂಚೆ ನಾಲ್ಕು ಕಳೆದುಹೋಗಿರುತ್ತವೆ.

ಅದೇ ಗ್ರಂಥದ ಕಲ್ಪಸ್ಥಾನದಲ್ಲಿ ಸರ್ಪವಿಷದ ಏಳು ವೇಗಗಳು ವರ್ಣಿತವಾಗಿವೆ. ವಿಷವು ಒಂದು ಕಲೆಯನ್ನು ದಾಟಿ ಮುಂದಿನದಕ್ಕೆ ಹೋಗುವ ನಡುವಣ ಕಾಲಕ್ಕೆ ವೇಗಾಂತರವೆಂದು ಪ್ರತ್ಯೇಕವಾದ ಹೆಸರನ್ನೇ ಕೊಟ್ಟಿರುವುದು ಗಮನಾರ್ಹವಾಗಿದೆ. ಘಟನೆಗೆ ಹೆಸರಿಡುವುದು ಸುಲಭ. ಎರಡು ಘಟನೆಗಳ ನಡುವಣ ಬರಿಯ ಕಾಲಕ್ಕೆ ಹೆಸರಿಟ್ಟವನು ಅಂತರವೂ ಲಕ್ಷಣವೇ ಎಂದು ಬಲ್ಲವನು. ಚರಕಸಂಹಿತೆಯಲ್ಲಾದರೋ ಮನುಷ್ಯರಿಗೆ ವಿಷವೇಗಗಳು ಎಂಟು. ಪ್ರವಾಹವೊಂದೇ ಆದರೂ ಅದನ್ನು ಎಷ್ಟು ತುಂಡುಗಳಾಗಿ ಎಣಿಸಬೇಕೆಂಬುದು ನೋಡುವವನ ನಿರ್ಣಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಚರಕನ ವಿಷಮಜ್ವರವಿಭಾಗದಲ್ಲಿಯಂತೂ ಕಾಲವೇ ರೋಗದ ಹೆಸರಾಗಿದೆ. ದಿನಕ್ಕೊಮ್ಮೆ ಬರತಕ್ಕದ್ದು ಅನ್ಯೇದ್ಯುಷ್ಕ, ಒಂದು ದಿನ ಬಿಟ್ಟು ಬರತಕ್ಕದ್ದು ತೃತೀಯಕ, ಎರಡು ದಿನ ಬಿಟ್ಟು ಬರತಕ್ಕದ್ದು ಚತುರ್ಥಕ.

ಕನ್ನಡದಲ್ಲಿಯೂ ಈ ಸಂಪ್ರದಾಯವು ಬೇರೂರಿತು. ಸು. ೧೩೬೦ರಲ್ಲಿದ್ದ ಮಂಗರಾಜನು ಖಗೇಂದ್ರಮಣಿದರ್ಪಣವನ್ನು ವಿಷವೈದ್ಯಕ್ಕಾಗಿಯೇ ರಚಿಸಿದನು. ವಿಷವೈದ್ಯನು ರೋಗಿಯ ಬಳಿಗೆ ಬಂದಾಗ ಕೇಳತಕ್ಕ ಮೊದಲನೆಯ ಪ್ರಶ್ನೆ ಏನಾಯಿತೆಂಬುದು ಮಾತ್ರವಲ್ಲ, ಆಗಿ ಎಷ್ಟು ಹೊತ್ತಾಯಿತೆಂಬುದು.

೩

ಇನ್ನು ಆಧುನಿಕರ ಕೃತಿಗಳು. ಜ್ವರದ ಏರಿಳಿತವನ್ನು ಅಳೆದು ಕಾಲಕ್ರಮದಲ್ಲಿ ಪರಿಶೀಲಿಸುವ ಪದ್ಧತಿಯನ್ನು ಜರ್ಮನಿಯ ವುಂಡರ್‌ಲಿಷ್ ಎಂಬ ವೈದ್ಯನು ೧೮೬೮ರಲ್ಲಿ ಪ್ರಕಟಿಸಿದ ಗ್ರಂಥದಿಂದ ಸ್ಥಿರಪಡಿಸಿದನು. ಇದು ಒಂದು ಲಕ್ಷಣದ ವಿಚಾರ. ಅನೇಕ ಬಗೆಯ ಘಟನೆಗಳನ್ನು ಒಂದೇ ಪಟದಲ್ಲಿ ನಿಲ್ಲಿಸುವ ಪ್ರಯತ್ನಗಳಲ್ಲಿ ಪ್ರಸಿದ್ಧವಾದುದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಕ್ಯಾಥರೀನ್ ಪ್ಲೇಸಾಂ, ಬೆನ್ ಶ್ನೈಡರ್‌ಮನ್ ಮೊದಲಾದವರು ೧೯೯೬ರಲ್ಲಿ ಪ್ರಕಟಿಸಿದ ‘ಲೈಫ್‌ಲೈನ್ಸ್’. ಅದು ೧೯೯೮ರ ಹೊತ್ತಿಗೆ ರೋಗಿಗಳ ದಾಖಲೆಗಳಿಗೆ ಅನ್ವಿತವಾಯಿತು. ಅಲ್ಲಿ ಔಷಧಸೇವನೆಯಂಥ ಅವಧಿಗಳು ಗೆರೆಗಳು. ಪರೀಕ್ಷೆಯಂಥ ಕ್ಷಣಿಕ ಘಟನೆಗಳು ಬಿಂದುಗಳು. ಹತ್ತಾರು ಪುಟಗಳ ಕಡತವು ಒಂದು ನೋಟಕ್ಕೆ ದಕ್ಕುತ್ತದೆ.

ಅದೇ ಪರಂಪರೆಯಲ್ಲಿ ೨೦೦೮ರ ವೇಳೆಗೆ ಬಂದ ‘ಲೈಫ್‌ಲೈನ್ಸ್–೨’ ಅನೇಕ ರೋಗಿಗಳ ರೇಖೆಗಳನ್ನು ಒಂದು ಮುಖ್ಯ ಘಟನೆಗೆ, ಉದಾಹರಣೆಗೆ ಮೊದಲನೆಯ ಹೃದಯಾಘಾತಕ್ಕೆ, ಸರಿಹೊಂದಿಸಿ ನಿಲ್ಲಿಸುತ್ತದೆ. ಪಂಚಾಂಗದ ಕಾಲವನ್ನು ಬಿಟ್ಟು ರೋಗದ ಕಾಲವನ್ನು ಹಿಡಿಯುವ ಈ ಉಪಾಯವು ಶ್ಲಾಘ್ಯವಾಗಿದೆ; ಸುಶ್ರುತನ ವೇಗಗಣನೆಯೂ ಕಚ್ಚಿದ ಗಳಿಗೆಯಿಂದಲೇ ಹೊರಡುವುದಷ್ಟೆ. ೨೦೧೧ರ ‘ಲೈಫ್‌ಫ್ಲೋ’ ಸಮಾನಕ್ರಮವುಳ್ಳ ವೃತ್ತಗಳನ್ನು ಕೂಡಿಸಿ ಒಂದು ಮರದಂತೆ ತೋರಿಸುತ್ತದೆ. ತರುವಾಯದ ‘ಈವೆಂಟ್‌ಫ್ಲೋ’ ಅವಧಿಗಳನ್ನೂ ಅಭಾವಗಳನ್ನೂ ಕುರಿತ ಪ್ರಶ್ನೆಯನ್ನು ಚಿತ್ರರೂಪವಾಗಿಯೇ ಕೇಳಲು ಎಡೆಗೊಡುತ್ತದೆ. ಎರಡು ಅವಧಿಗಳ ನಡುವೆ ಪೂರ್ವಾಪರ, ಅತಿವ್ಯಾಪ್ತಿ, ಅಂತರ್ಗತಿ ಮೊದಲಾದ ಹದಿಮೂರು ಸಂಬಂಧಗಳು ಮಾತ್ರ ಸಾಧ್ಯವೆಂದು ೧೯೮೩ರಲ್ಲಿ ಜೇಮ್ಸ್ ಆಲೆನ್ ಎಂಬ ವಿದ್ವಾಂಸನು ಮಾಡಿದ ಪರಿಗಣನೆಯು ಇಂಥ ಪ್ರಶ್ನೆಗಳಿಗೆ ವ್ಯಾಕರಣದಂತಿದೆ.

ಈ ಕೃತಿಗಳ ಗುಣಗಳು ಹೀಗೆ ನಿರ್ವಿವಾದವಾಗಿವೆ. ಆದರೆ ಇವೆಲ್ಲಕ್ಕೂ ಬುನಾದಿಯಾದ ಒಂದು ಅಂಗೀಕಾರವುಂಟು: ದಾಖಲೆಯಲ್ಲಿ ಘಟನೆಯ ಮುಂದೆ ಬರೆದಿರುವ ಕಾಲವೇ ಘಟನೆಯ ಕಾಲವೆಂಬುದು. ವಿಮರ್ಶೆಯು ನಿಲ್ಲಬೇಕಾದುದು ಇಲ್ಲಿಯೇ.

೪

ಕ್ರಮನಿರ್ಣಯವನ್ನು ಶಾಸ್ತ್ರವಾಗಿ ಬೆಳೆಸಿದವರು ಮೀಮಾಂಸಕರು. ಜೈಮಿನಿಸೂತ್ರಗಳ ಐದನೆಯ ಅಧ್ಯಾಯವೆಲ್ಲವೂ ಕ್ರಮಕ್ಕೇ ಮೀಸಲಾಗಿದೆ. ಶ್ರುತಿ, ಅರ್ಥ, ಪಾಠ, ಸ್ಥಾನ, ಮುಖ್ಯ, ಪ್ರವೃತ್ತಿ ಎಂಬ ಆರು ಪ್ರಮಾಣಗಳಿಂದ ಯಾವುದು ಮೊದಲು ಯಾವುದು ಬಳಿಕ ಎಂಬುದನ್ನು ತೀರ್ಮಾನಿಸಬೇಕು. ಇವುಗಳಲ್ಲಿ ಹಿಂದಿನದು ಮುಂದಿನದಕ್ಕಿಂತ ಪ್ರಬಲ. ಅಗ್ನಿಹೋತ್ರದ ನಿದರ್ಶನವು ಮೀಮಾಂಸೆಯನ್ನೋದಿದವರಿಗೆಲ್ಲ ಪರಿಚಿತವಾದುದು. ಪಾಠದಲ್ಲಿ ಹೋಮವು ಮೊದಲು, ಗಂಜಿಯನ್ನು ಬೇಯಿಸುವುದು ಅನಂತರ ಬಂದಿದೆ. ಆದರೆ ಆ ಗಂಜಿಯಿಂದಲೇ ಹೋಮವಾಗಬೇಕಾದುದರಿಂದ ಬೇಯಿಸುವುದೇ ಮೊದಲು. ಇಲ್ಲಿ ಅರ್ಥಕ್ರಮವು ಪಾಠಕ್ರಮವನ್ನು ಬಾಧಿಸುತ್ತದೆ.

ಈ ನ್ಯಾಯವನ್ನು ರೋಗಿವೃತ್ತಕ್ಕೆ ಹಚ್ಚಿ ನೋಡಬಹುದು. ತೀವ್ರಜ್ವರದ ರೋಗಿಯೊಬ್ಬನ ರಕ್ತವನ್ನು ಕ್ರಿಮಿಪರೀಕ್ಷೆಗಾಗಿ ತೆಗೆದುಕೊಂಡು, ಆಮೇಲೆ ಕ್ರಿಮಿನಾಶಕವಾದ ಔಷಧವನ್ನು ಕೊಟ್ಟರೆನ್ನೋಣ. ಔಷಧ ಕೊಟ್ಟೊಡನೆ ದಾದಿಯು ಅದನ್ನು ಬರೆದಳು. ರಕ್ತ ತೆಗೆದ ಸಂಗತಿಯಾದರೋ ಪ್ರಯೋಗಶಾಲೆಗೆ ಮಾದರಿಯು ತಲಪಿದ ಹೊತ್ತಿಗೆ ದಾಖಲೆಯನ್ನು ಸೇರಿತು. ಪಾಠದಲ್ಲಿ ಔಷಧವು ಮೊದಲು, ರಕ್ತವು ಬಳಿಕ. “ರಕ್ತ ತೆಗೆಯುವ ಮುನ್ನವೇ ಔಷಧ ಪಡೆದವರು ಯಾರು?” ಎಂದು ಯಂತ್ರವನ್ನು ಕೇಳಿದರೆ ಈ ರೋಗಿಯ ಹೆಸರೂ ಬರುವುದು, ಅವನ ರಕ್ತದಲ್ಲಿ ಕ್ರಿಮಿ ಕಾಣಲಿಲ್ಲವೆಂಬ ಫಲವನ್ನು ಔಷಧದ ಪ್ರಭಾವವೆಂದು ತಳ್ಳಿಹಾಕುವರು. ಯಂತ್ರವು ಸುಳ್ಳು ಹೇಳಲಿಲ್ಲ. ಅದು ಪಾಠಕ್ರಮವನ್ನು ಹೇಳಿತು. ಕೇಳಿದವನು ಅದನ್ನು ಅರ್ಥಕ್ರಮವೆಂದು ತಿಳಿದನು.

ಆದುದರಿಂದ ಪ್ರತಿಯೊಂದು ಘಟನೆಗೂ ಮೂರು ಕಾಲಗಳನ್ನು ವಿಂಗಡಿಸುವುದು ಅವಶ್ಯ: ಅದು ನಡೆದ ಸಂಭವಕಾಲ, ಅದು ಗೊತ್ತಾದ ಜ್ಞಾನಕಾಲ, ಅದನ್ನು ಬರೆದ ಲೇಖನಕಾಲ. ದತ್ತಸಂಗ್ರಹದ ಶಾಸ್ತ್ರಜ್ಞರು ಇದರ ಮೊದಲನೆಯದನ್ನೂ ಕೊನೆಯದನ್ನೂ ಬೇರ್ಪಡಿಸಿಯೇ ಇದ್ದಾರೆ. ಎಸ್‌ಕ್ಯೂಎಲ್ ಎಂಬ ಪ್ರಶ್ನಭಾಷೆಯ ೨೦೧೧ರ ಅಂತರರಾಷ್ಟ್ರೀಯ ನಿಯಮದಲ್ಲಿ ಇವೆರಡಕ್ಕೂ ಪ್ರತ್ಯೇಕವಾದ ಎಡೆಯುಂಟು. ಎಡೆಯಿದ್ದ ಮಾತ್ರಕ್ಕೆ ಓದುವವನು ವಿವೇಕಿಯಾಗುವುದಿಲ್ಲ. ಓಲೆಯ ಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆದ ಸಂವತ್ಸರವನ್ನೇ ಕವಿಯ ಕಾಲವೆಂದು ಹೇಳುವವನನ್ನು ವಿದ್ವಾಂಸರು ಒಪ್ಪುವುದಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ಅದರ ಓಲೆಗಳ ವಯಸ್ಸಿನಿಂದ ಯಾರೂ ಅಳೆಯಲಿಲ್ಲ. ಕಾವ್ಯಕ್ಕೆ ಸಲ್ಲುವ ಈ ಎಚ್ಚರಿಕೆಯು ಪ್ರಾಣಕ್ಕೆ ಸಲ್ಲಬೇಡವೆ?

೫

ಈ ವಿಚಾರವು ಗ್ರಾಮಜೀವನದಲ್ಲಿ ಹೇಗೆ ಪರಿಣಮಿಸುತ್ತದೆಂಬುದನ್ನು ಒಂದು ಊರಿನ ನೆಲೆಯಲ್ಲಿ ನೋಡುವುದು ಉಚಿತ. ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯು ತೆಂಗಿನ ಸೀಮೆಯ ಗ್ರಾಮ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ಸೀಮೆಯಲ್ಲಿ ಜನರ ಕಾಲಗಣನೆಯು ಹಬ್ಬ, ಸಂತೆ, ತೋಟದ ಕೆಲಸಗಳನ್ನು ಹಿಡಿದು ನಡೆಯುವುದು ಸ್ವಾಭಾವಿಕ. ಬಲಿತ ಕಾಯನ್ನು ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಟ್ಟು ಉಂಡೆಕೊಬ್ಬರಿ ಮಾಡುವ ಕಡೆ ‘ಕಾಯಿ ಕೆಡವಿದ ವಾರ’, ‘ಅಟ್ಟಕ್ಕೆ ಹಾಕಿದ ಮೇಲೆ’ ಎಂಬ ಮಾತುಗಳೂ ಒಂದು ಪಂಚಾಂಗವೇ.

ಅಲ್ಲಿಯ ಗರ್ಭಿಣಿಯೊಬ್ಬಳನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳಬಹುದು. ಕರ್ನಾಟಕದಲ್ಲಿ ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡು ಕಾಲಬದ್ಧ ಘಟನೆಗಳ ಒಂದು ಅಚ್ಚುಕಟ್ಟಾದ ಸರಣಿ. ಕೊನೆಯ ಮುಟ್ಟಿನ ದಿನ, ಹೆರಿಗೆಯ ನಿರೀಕ್ಷಿತ ದಿನ, ತಪಾಸಣೆಗಳು, ಚುಚ್ಚುಮದ್ದುಗಳು, ಎಲ್ಲಕ್ಕೂ ಅದರಲ್ಲಿ ಸ್ಥಾನವುಂಟು. ಆಶಾ ಕಾರ್ಯಕರ್ತೆಯು “ಕೊನೆಯ ಸಲ ಯಾವಾಗ ಮುಟ್ಟಾದೆಯವ್ವ?” ಎಂದು ಕೇಳಿದಳು. “ಯುಗಾದಿ ಕಳೆದು ಎಂಟೋ ಹತ್ತೋ ದಿನ ಆಗಿತ್ತು ಕಣಕ್ಕ, ಕಾಯಿ ಕೆಡವಿದ ವಾರ” ಎಂದು ಉತ್ತರ ಬಂದಿತು. ಈ ಉತ್ತರದಲ್ಲಿ ಅನಿಶ್ಚಯವಿದೆ, ಆದರೆ ಅಸತ್ಯವಿಲ್ಲ. ಕಾರ್ಡಿನ ಚೌಕಕ್ಕೆ ಮಾತ್ರ ಒಂದು ದಿನಾಂಕ ಬೇಕು. ಬರೆಯುವವಳು ಒಂದನ್ನು ಆರಿಸಿ ಬರೆದಳು. ಆ ಗಳಿಗೆಯಲ್ಲಿ ಹಲವು ದಿನಗಳ ಹರಹು ಒಂದು ಬಿಂದುವಾಯಿತು. ‘ಎಂಟೋ ಹತ್ತೋ’ ಎಂಬ ಸತ್ಯಾಂಶವು ಅಳಿಸಿಹೋಯಿತು.

ಇದರ ಪರಿಣಾಮವು ಅಲ್ಪವೆಂದು ತಿಳಿಯತಕ್ಕದ್ದಲ್ಲ. ಕೊನೆಯ ಮುಟ್ಟಿನ ಮೊದಲನೆಯ ದಿನದಿಂದ ೨೮೦ ದಿನಗಳಿಗೆ ಹೆರಿಗೆಯೆಂಬುದು ಲೆಕ್ಕ. ೩೭ ವಾರಗಳು, ಎಂದರೆ ೨೫೯ ದಿನಗಳು, ತುಂಬುವ ಮೊದಲೇ ಹುಟ್ಟಿದ ಶಿಶುವು ಅಕಾಲಪ್ರಸವದ್ದೆಂದು ಗಣನೆ. ಬರೆದ ದಿನಾಂಕವು ನಿಜವಾದ ದಿನಕ್ಕಿಂತ ಒಂದು ವಾರ ಈಚಿನದಾದರೆ, ೨೬೩ ದಿನ ಗರ್ಭದಲ್ಲಿದ್ದ ಮಗು ದಾಖಲೆಯಲ್ಲಿ ೨೫೬ ದಿನದ್ದಾಗುವುದು. ತಿಂಗಳು ತುಂಬಿದ ಮಗುವು ಅಕಾಲಜಾತರ ಪಟ್ಟಿಗೆ ಸೇರಿತು. ದಿನಾಂಕವು ಒಂದು ವಾರ ಮುಂಚಿನದಾದರೆ ತಿಂಗಳು ತುಂಬದ, ಆರೈಕೆ ಬೇಕಾದ ಮಗುವೇ ಪಟ್ಟಿಯಿಂದ ಬಿಟ್ಟುಹೋಯಿತು. ಗರ್ಭದ ಮೊದಲ ಮೂರು ತಿಂಗಳೊಳಗೆ ಮಾಡುವ ಸ್ಕ್ಯಾನಿಂಗಿನಿಂದ ಈ ದೋಷವನ್ನು ಬಹುಮಟ್ಟಿಗೆ ತಿದ್ದಬಹುದು. ಆದರೆ ತಿದ್ದಬೇಕೆಂದು ತೋರುವುದು ಅನಿಶ್ಚಯವು ಕಾಣುತ್ತಿದ್ದರೆ ಮಾತ್ರ.

ಕಾಲಚಿತ್ರದ ಎಡ ಅಂಚಿನ ದೋಷವೂ ಇದಕ್ಕೆ ಸಂಬಂಧಿಸಿದುದೇ. ಚಿತ್ರವು ಆಸ್ಪತ್ರೆಯ ಬಾಗಿಲಿನಿಂದ ಆರಂಭವಾಗುವುದು. ರೋಗವು ಅಲ್ಲಿಂದ ಆರಂಭವಾಗುವುದಿಲ್ಲ. ತೆಂಗಿನ ಮರವೇ ಇದಕ್ಕೆ ದೃಷ್ಟಾಂತ. ಸುಮಾರು ತಿಂಗಳಿಗೊಂದರಂತೆ ಹೊಂಬಾಳೆ ಒಡೆಯುವುದರಿಂದ ಮರದ ನೆತ್ತಿಯು ಒಂದು ಜೀವಂತ ಕಾಲಪಟವಾಗಿದೆ: ಮೇಲೆ ಹೊಸ ಹೊಂಬಾಳೆ, ಅದರ ಕೆಳಗೆ ಹರಳು, ಅದರ ಕೆಳಗೆ ಎಳನೀರು, ಎಲ್ಲಕ್ಕೂ ಕೆಳಗೆ ಹನ್ನೆರಡು ತಿಂಗಳಿನ ಬಲಿತ ಗೊನೆ. ಕೃಷಿಕನು ಕೆಳಗೆ ನಿಂತು ಒಂದು ವರ್ಷದ ವೃತ್ತವನ್ನು ಓದಬಲ್ಲನು. ಆದರೆ ಹೊಂಬಾಳೆಯ ಅಂಕುರವು ಅದು ಒಡೆಯುವುದಕ್ಕೆ ಸುಮಾರು ೩೨ ತಿಂಗಳು ಮುಂಚೆಯೇ ಸುಳಿಯೊಳಗೆ ಮೂಡಿರುವುದೆಂದು ತೆಂಗಿನ ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಅಂದಿನ ಬರದ ಪೆಟ್ಟು ಗೊನೆಯಲ್ಲಿ ಕಾಣುವ ವೇಳೆಗೆ ಮೂರು ವರ್ಷಗಳೇ ಸಂದಿರಬಹುದು. ಕಾಣುವ ಪಟದಲ್ಲಿ ಕಾರ್ಯವಿದೆ. ಕಾರಣವು ಪಟದ ಹೊರಗಿದೆ. ಸುಶ್ರುತನ ಮೊದಲ ನಾಲ್ಕು ಕ್ರಿಯಾಕಾಲಗಳೂ ಹೀಗೆಯೇ ಎಡ ಅಂಚಿನ ಹೊರಗೆ ನಿಂತಿರುತ್ತವೆ.

೬

ಅಭಾವಪ್ರಶ್ನೆಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. “ಇದಾದ ಮೇಲೆ ಅದು ಯಾರಿಗೆ ಆಗಲಿಲ್ಲ?” ಎಂಬುದು ‘ಈವೆಂಟ್‌ಫ್ಲೋ’ವಿನಂಥ ಕೃತಿಗಳ ಹೆಮ್ಮೆಯ ಪ್ರಶ್ನೆ. ಕಾಣದಿರುವುದರಿಂದ ಇಲ್ಲವೆಂದು ನಿಶ್ಚಯಿಸುವುದಕ್ಕೆ ಅನುಪಲಬ್ಧಿಯೆಂದು ಹೆಸರು. ಅದು ಯೋಗ್ಯಾನುಪಲಬ್ಧಿಯಾದಾಗ ಮಾತ್ರ ಪ್ರಮಾಣವೆಂದು ಶಾಸ್ತ್ರದ ನಿರ್ಣಯ. ಬೆಳಕಿನಲ್ಲಿ ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ.

ಕರ್ನಾಟಕದ್ದೇ ಆದ ರೋಗವೊಂದರಲ್ಲಿ ಇದರ ಮಹತ್ವವನ್ನು ನೋಡಬಹುದು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಣ ಜನರಲ್ಲಿ ಜ್ವರ ಕಾಣಿಸಿಕೊಂಡಿತು. ಉಣ್ಣೆಗಳ ಮೂಲಕ ಹರಡುವ ಈ ಮಂಗನ ಕಾಯಿಲೆಯಲ್ಲಿ ಕಾಲವೇ ಗುರುತು. ಉಣ್ಣೆ ಕಚ್ಚಿ ಮೂರರಿಂದ ಎಂಟು ದಿನಗಳಿಗೆ ಜ್ವರ. ಅದು ಇಳಿದ ಮೇಲೆ ಒಂದೆರಡು ವಾರ ನೆಮ್ಮದಿ. ಬಳಿಕ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಯಲ್ಲಿ ಎರಡನೆಯ ಜ್ವರ, ಅದರೊಡನೆ ತೀವ್ರವಾದ ತಲೆನೋವು, ನಡುಕ, ದೃಷ್ಟಿಮಾಂದ್ಯ ಮೊದಲಾದ ನರಸಂಬಂಧವಾದ ಲಕ್ಷಣಗಳು. ಮೊದಲನೆಯ ಜ್ವರವಿಳಿದು ಮನೆಗೆ ಹೋದವನು ಎರಡನೆಯದಕ್ಕೆ ಬೇರೊಂದು ಆಸ್ಪತ್ರೆಗೆ ಹೋದರೆ, ಮೊದಲನೆಯ ಆಸ್ಪತ್ರೆಯ ದಾಖಲೆಯಲ್ಲಿ ಅವನು ಗುಣವಾದವನು; ಎರಡನೆಯದರಲ್ಲಿ ಹೊಸ ರೋಗಿ. ಎರಡು ಪಟಗಳೂ ಶುದ್ಧವಾಗಿವೆ, ವೃತ್ತಾಂತವು ಮಾತ್ರ ಎರಡರಲ್ಲಿಯೂ ಇಲ್ಲ. “ಎರಡನೆಯ ಜ್ವರ ಬಾರದವರು” ಎಂಬ ಪ್ರಶ್ನೆಗೆ ಅಂಥವನ ಹೆಸರು ಬರುವುದು ಕತ್ತಲೆಯ ಅನುಪಲಬ್ಧಿಯಿಂದ.

೨೦೨೧ರಲ್ಲಿ ರಾಷ್ಟ್ರವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಹದಿನಾಲ್ಕು ಅಂಕಿಗಳ ಒಂದು ಸಂಖ್ಯೆಯಿಂದ, ರೋಗಿಯ ಒಪ್ಪಿಗೆಯ ಮೇಲೆ, ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳನ್ನು ಕೂಡಿಸಲು ಹೊರಟಿದೆ. ಇದು ಸ್ತುತ್ಯವಾದ ಉದ್ಯಮ. ಕೂಡಿಸಿದಷ್ಟೂ ಬೆಳಕು ಹೆಚ್ಚುವುದು. ಆದರೆ ಎಲ್ಲಿಯವರೆಗೆ ಬೆಳಕಿದೆಯೆಂಬುದನ್ನು ಪಟದಲ್ಲಿಯೇ ತೋರಿಸದಿದ್ದರೆ ನೋಡುವವನು ಕತ್ತಲೆಯನ್ನೂ ಬಯಲೆಂದೇ ಭ್ರಮಿಸುವನು.

೭

ಇಲ್ಲಿ ಪೂರ್ವಪಕ್ಷವೊಂದುಂಟು. ವೈದ್ಯನಿಗೆ ಒಬ್ಬೊಬ್ಬ ರೋಗಿಗೂ ದೊರೆಯುವುದು ಕೆಲವೇ ನಿಮಿಷ. ಪಟವು ಸರಳವಾಗಿದ್ದರೆ ಮಾತ್ರ ಉಪಯೋಗ. ಒಂದೊಂದು ಬಿಂದುವಿಗೂ ಮೂರು ಕಾಲಗಳನ್ನೂ ಅನಿಶ್ಚಯದ ಹರಹನ್ನೂ ಹಚ್ಚಿದರೆ ಪಟವು ಗೋಜಲಾಗಿ, ಮತ್ತೆ ಕಡತದ ಹಳೆಯ ಕಷ್ಟವೇ ಬರುವುದಲ್ಲವೆ?

ಈ ಆಕ್ಷೇಪವು ಹಗುರವಾದುದಲ್ಲ. ಆದರೆ ಇದಕ್ಕೆ ಸಮಾಧಾನವು ಕನ್ನಡ ವಿದ್ವಾಂಸರ ಕೈಯಲ್ಲಿಯೇ ಇದೆ. ಆರ್. ನರಸಿಂಹಾಚಾರ್ಯರು ಕರ್ಣಾಟಕ ಕವಿಚರಿತೆಯಲ್ಲಿ ಕವಿಗಳ ಕಾಲವನ್ನು ನಿರ್ದೇಶಿಸುವಾಗ ಶಾಸನಾದಿಗಳಿಂದ ನಿಶ್ಚಿತವಾದ ವರ್ಷವನ್ನು ಹಾಗೆಯೇ ಕೊಟ್ಟು, ಊಹಿಸಿದ ವರ್ಷದ ಹಿಂದೆ ‘ಸು.’ ಎಂಬ ಒಂದಕ್ಷರವನ್ನು ಇಟ್ಟರು. ಆ ಅಕ್ಷರದಿಂದ ಗ್ರಂಥವು ಗೋಜಲಾಗಲಿಲ್ಲ. ಅದನ್ನು ಕಂಡ ಓದುಗನು ಎರಡು ‘ಸು.’ಗಳ ನಡುವೆ ಯಾವನು ಹಿಂದೆ ಯಾವನು ಮುಂದೆ ಎಂದು ದಿಟ್ಟವಾಗಿ ವಾದಿಸಲು ಹಿಂಜರಿಯುತ್ತಾನೆ, ಬೇಕಾದುದೂ ಅಷ್ಟೇ. ಚಿತ್ರದಲ್ಲಿಯೂ ಇದು ಅಸಾಧ್ಯವಲ್ಲ. ಆರಂಭವು ಬೇಗನೆಂದರೆ ಎಂದು, ತಡವೆಂದರೆ ಎಂದು, ಎಂಬುದನ್ನು ಒಂದೇ ಗೆರೆಯಲ್ಲಿ ತೋರಿಸುವ ‘ಪ್ಲಾನಿಂಗ್‌ಲೈನ್ಸ್’ ಎಂಬ ಕ್ರಮವನ್ನು ವಿಯೆನ್ನಾದ ವಿದ್ವಾಂಸರು ೨೦೦೫ರಲ್ಲಿಯೇ ಪ್ರಕಟಿಸಿದರು. ಅದು ಕಾರ್ಯಯೋಜನೆಗಾಗಿ ಹುಟ್ಟಿದುದು. ರೋಗಿವೃತ್ತಕ್ಕೆ ಒಗ್ಗದಿರಲು ಕಾರಣವಿಲ್ಲ.

ದಾಖಲೆಯ ಅಚ್ಚಿನಲ್ಲಿಯೂ ಎಡೆಯಿಲ್ಲದಿಲ್ಲ. ಮೇಲ್ಕಂಡ ಮಿಷನ್ ಅಂಗೀಕರಿಸಿರುವ ‘ಫೈರ್’ ಎಂಬ ವಿನಿಮಯನಿಯಮದಲ್ಲಿ ರೋಗಾರಂಭವನ್ನು ದಿನಾಂಕವಾಗಿ, ರೋಗಿಯ ವಯಸ್ಸಾಗಿ, ಒಂದು ಅವಧಿಯಾಗಿ, ಇಲ್ಲವೇ ಬರಿಯ ಮಾತಿನಲ್ಲಿ ಬರೆಯಬಹುದು. ಬರೆದುಕೊಂಡ ದಿನಕ್ಕೆ ಬೇರೆಯೇ ಸ್ಥಾನವಿದೆ. ಹಾಗಾದರೆ ‘ಕಾಯಿ ಕೆಡವಿದ ವಾರ’ ಎಂಬಂಥ ಮಾತನ್ನು ಅಳಿಸದೆ ಇಟ್ಟುಕೊಳ್ಳಲು ಯಂತ್ರವು ಅಡ್ಡಿಯಲ್ಲ. ಅಡ್ಡಿಯಾಗಿರುವುದು ಬಿಂದುವೊಂದೇ ಜ್ಞಾನ, ಹರಹು ಅಜ್ಞಾನ ಎಂಬ ಭಾವನೆ.

೮

ಮೇಲಣ ವಿಚಾರದಿಂದ ಫಲಿಸಿದ ಸಿದ್ಧಾಂತವಿದು. ಕಾಲಚಿತ್ರವೂ ಕಾಲಪ್ರಶ್ನೆಯೂ ಉತ್ತಮ ಸಾಧನಗಳು. ಅವು ಪ್ರಾಚೀನ ನಿದಾನಶಾಸ್ತ್ರದ ಉದ್ದೇಶವನ್ನೇ ಅನೇಕ ಸಹಸ್ರ ರೋಗಿಗಳ ಮಟ್ಟಿಗೆ ವಿಸ್ತರಿಸಿವೆ. ಆದರೆ ಅವು ತೋರಿಸುವುದು ಪಾಠಕ್ರಮವನ್ನು. ಅದನ್ನು ಅರ್ಥಕ್ರಮವೆಂದು ಸ್ವೀಕರಿಸುವ ಮೊದಲು ನಾಲ್ಕನ್ನು ಕೇಳತಕ್ಕದ್ದು. ಬರೆದಿರುವ ಕಾಲವು ಸಂಭವದ್ದೋ ಜ್ಞಾನದ್ದೋ ಲೇಖನದ್ದೋ? ಬಿಂದುವಾಗಿ ಕಾಣುವುದು ಬರೆಯುವ ಮೊದಲು ಎಷ್ಟು ದಿನಗಳ ಹರಹಾಗಿತ್ತು? ಪಟದ ಎಡ ಅಂಚಿನ ಹಿಂದೆ ಏನಿರಬಹುದು? ಇಲ್ಲವೆಂದು ತೋರುವುದು ಬೆಳಕಿನಲ್ಲಿ ಇಲ್ಲವೋ ಕತ್ತಲೆಯಲ್ಲಿ ಇಲ್ಲವೋ?

ಈ ನಾಲ್ಕು ಪ್ರಶ್ನೆಗಳೂ ಪ್ರಾಚೀನ ಪ್ರತಿಗಳನ್ನು ಸಂಪಾದಿಸುವವರಿಗೆ ದಿನಬಳಕೆಯವು. ಅವುಗಳ ಅಭ್ಯಾಸವುಳ್ಳ ಸಾಹಿತ್ಯಾಧ್ಯಾಪಕರು, ಮುಂದೆ ವೈದ್ಯರೂ ದಾದಿಯರೂ ಯಂತ್ರಜ್ಞರೂ ಆಗತಕ್ಕ ವಿದ್ಯಾರ್ಥಿಗಳಿಗೆ, ಕಾವ್ಯದ ಕಾಲನಿರ್ಣಯವನ್ನು ಪಾಠ ಹೇಳುವಾಗಲೇ ಈ ವಿವೇಕವನ್ನೂ ತಿಳಿಸಿಕೊಡಬಹುದು. ಕವಿಯ ಕಾಲದಲ್ಲಿ ಹತ್ತು ವರ್ಷ ತಪ್ಪಿದರೆ ಮುಂದಿನ ಮುದ್ರಣದಲ್ಲಿ ತಿದ್ದಿಕೊಳ್ಳಲು ಅವಕಾಶವುಂಟು. ತಾಯಿ ಕಾರ್ಡಿನಲ್ಲಿ ಒಂದು ವಾರ ತಪ್ಪಿದರೆ ತಿದ್ದಲು ಇರುವ ಕಾಲವು ಹೆರಿಗೆಯವರೆಗೆ ಮಾತ್ರ.